ಕೇಪ್ ಬಫಲೋಗೆ 375 ರೈಫಲ್ ಸಾಕಾ, 416 ಬೇಕಾ? ಅನುಭವ ಇದ್ದವರು ಹೇಳಿ

ವಿರಾಜಪೇಟೆಯಿಂದ: ಮುಂದಿನ ವರ್ಷ ಝಿಂಬಾಬ್ವೆಗೆ ಹೋಗುತ್ತಿದ್ದೇನೆ. ಪರ್ಮಿಟ್ ಇರುವ ಬೇಟೆ, ಬಫಲೋ (ಆಫ್ರಿಕಾದ ಕಾಡೆಮ್ಮೆ) ಒಂದೇ. ರೈಫಲ್ ಅಲ್ಲೇ ಬಾಡಿಗೆಗೆ ಸಿಗುತ್ತೆ. 375 ಎಚ್ ಅಂಡ್ ಎಚ್ ಅಥವಾ ಅದಕ್ಕಿಂತ ದಪ್ಪ ಗುಂಡಿನ, ಹೆಚ್ಚು ಒದೆಯುವ 416 ರಿಗ್ಬಿ. ನನ್ನ ಬಲ ಹೆಗಲಿಗೆ ಹಳೇ ಪೆಟ್ಟಿದೆ. ಯಾವುದು, ಯಾವ ಗುಂಡು?

ಮಡಿಕೇರಿ ತೋಟದವ: ತಮ್ಮಾ, ಮೊದಲು ಗುಂಡು ನೋಡು. ನಾನು ಹೊಡೆದದ್ದು 375ರಲ್ಲೇ, 300 ಗ್ರೇನ್ (ಸುಮಾರು 19 ಗ್ರಾಂ) ತೂಕದ ಗುಂಡು. ಬಾಂಡೆಡ್ (ಸೀಸಕ್ಕೆ ತಾಮ್ರದ ಸಿಪ್ಪೆ ಬೆಸೆದದ್ದು) ಬಿಟ್ಟು ಮಾಮೂಲಿ ಸಾಫ್ಟ್ (ಬಡಿದಾಗ ತುದಿ ಅರಳುವ ಗುಂಡು) ತಗೊಂಡೆ. 20 ತೋಟೆಯ ಪೆಟ್ಟಿಗೆಗೆ 60 ಡಾಲರ್ ಉಳಿಯಿತು. 50 ಗಜದಿಂದ ಈಡು. ಹೆಗಲ ಮೂಳೆಗೆ ಬಿದ್ದು ಅಲ್ಲೇ ಚೂರಾಯ್ತು, ಶ್ವಾಸಕೋಶ ಮುಟ್ಟಲೇ ಇಲ್ಲ. ಐದೂವರೆ ಗಂಟೆ ಮುಳ್ಳಿನ ಪೊದೆಗಳಲ್ಲಿ ರಕ್ತದ ಹನಿ ಹುಡುಕುತ್ತಾ ನಡೆದೆವು. ಒಂದು ಎಲೆಯ ಮೇಲೆ ಸಾಸಿವೆ ಕಾಳಿನಷ್ಟು ಹನಿ, ಆಮೇಲೆ ಅರ್ಧ ಗಂಟೆ ಏನೂ ಇಲ್ಲ. ಕೊನೆಗೆ ಗೈಡ್ ತನ್ನ ಜೋಡಿನಳಿಕೆಯ 470 ರೈಫಲ್ಲಿನಿಂದ ಮುಗಿಸಿದ. ಪ್ರಾಣಿ ಸಿಗದೇ ಹೋಗಿದ್ದರೂ ಪೂರ್ತಿ ಫೀಸು ಕೊಡಬೇಕಿತ್ತು. ಮೂಳೆಯಿಂದ ತೆಗೆದ ಗುಂಡು ತೂಗಿದರೆ 128 ಗ್ರೇನ್!

ಗೋಣಿಕೊಪ್ಪ ಮಾವ: ಅದಕ್ಕೇ 416 ಅನ್ನೋದು. 400 ಗ್ರೇನ್ ಸಾಲಿಡ್ (ಅರಳದ ಗಟ್ಟಿ ಗುಂಡು), ಒಂದೇ ಈಡು, ನಲವತ್ತು ಹೆಜ್ಜೆಯಲ್ಲಿ ಬಿತ್ತು. 1911ರಿಂದ ಇರುವ ತೋಟೆ, ಸುಮ್ನೆ ಅಲ್ಲ.

ಮಡಿಕೇರಿ ತೋಟದವ: ಮಾವ, ಪೂರ್ತಿ ಹೇಳಿ. ಆ ಸಾಲಿಡ್ ಹೊಕ್ಕು ಆಚೆ ಬಂದು ಹಿಂದಿದ್ದ ಹೆಣ್ಣು ಬಫಲೋಗೂ ತಾಗಿತ್ತು. ಎರಡಕ್ಕೂ ದುಡ್ಡು ಕಟ್ಟಿದಿರಿ ಅಲ್ವಾ? ಹಿಂಡಿನಲ್ಲಿ ಮೊದಲ ಈಡಿಗೆ ಬಾಂಡೆಡ್ ಸಾಫ್ಟ್. ಸಾಲಿಡ್ ಆಮೇಲೆ, ಓಡುವಾಗ ಹಿಂದಿನಿಂದ ಹೊಡೆಯೋದಕ್ಕೆ.

ಗೋಣಿಕೊಪ್ಪ ಮಾವ: ಹೌದು, ಕಟ್ಟಿದೆ. ಆದ್ರೆ ಗಾಯಗೊಂಡದ್ದನ್ನು ಬಿಟ್ಟು ಬರಲಿಲ್ಲ. ನಿನ್ನ ಹಾಗೆ ಇನ್ನೊಬ್ಬರ ಕೈಯಲ್ಲಿ ಮುಗಿಸಲೂ ಇಲ್ಲ.

ಪೊನ್ನಂಪೇಟೆ: ಇಷ್ಟೆಲ್ಲ ಯಾಕೆ? ಹಳೇ ಕಾಲದ ಬೇಟೆಗಾರ ಕರಮೋಜೋ ಬೆಲ್ 275ರ ಸಣ್ಣ ಗುಂಡಲ್ಲಿ ಆನೆಗಳನ್ನೇ ಹೊಡೆದ.

ಗೋಣಿಕೊಪ್ಪ ಮಾವ: ಬೆಲ್ ಹೊಡೆದದ್ದು ಸಾಲಿಡ್‌ನಲ್ಲಿ, ನೇರ ಮೆದುಳಿಗೆ. ಆನೆಯ ತಲೆಬುರುಡೆ ಓದಿ ಕಲಿತವನು ಅವನು. ಕೈಲ್‌ಪೊಳ್ದ್‌ ಹಬ್ಬಕ್ಕೆ ಗುಂಡು ಹೊಡೆದು ತೆಂಗಿನಕಾಯಿ ಉದುರಿಸಿದವರು ಅವನ ಹೆಸರು ಹೇಳಬಾರದು.

ಪೊನ್ನಂಪೇಟೆ: ತೆಂಗಿನಕಾಯಿಗೆ ಹೊಡೆಯೋದು ಆಟ ಅಂದ್ಕೊಂಡಿರಾ? ಮೂರು ವರ್ಷ ಪಾಯಿಂಟ್ 22ರಲ್ಲಿ ಬಹುಮಾನ ತಗೊಂಡಿದ್ದೇನೆ. ನಿಮ್ಮ ಊರಿನವರು ಕೋವಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ, ಅಷ್ಟೇ.

ಸೋಮವಾರಪೇಟೆ: ಎಲ್ಲರೂ ಸ್ವಲ್ಪ ನಿಲ್ಲಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇಲ್ಲಿ ಬೇಟೆ ಅಪರಾಧ. ನಿಮ್ಮ ಕಥೆ ಓದಿ ಯಾರಾದ್ರೂ ತೋಟದ ಕಾಟಿಗೆ ಹೊಡೆದರೆ?

ಪೊನ್ನಂಪೇಟೆ: ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸ್ ವಿನಾಯಿತಿ 2029ರವರೆಗೆ ಇದೆ.

ಸೋಮವಾರಪೇಟೆ: ಅದು ಕೋವಿ ಇಟ್ಟುಕೊಳ್ಳೋದಕ್ಕೆ. ಪ್ರಾಣಿ ಹೊಡೆಯೋದಕ್ಕಲ್ಲ. ಎರಡನ್ನೂ ಬೆರೆಸಿದರೆ ಇರುವ ವಿನಾಯಿತಿಗೇ ಕುತ್ತು.

ಮಡಿಕೇರಿ ತೋಟದವ: ಸರಿ ಮಾತು. ವಿರಾಜಪೇಟೆ ತಮ್ಮಾ, ಹೆಗಲು ನೋವಿದ್ದರೆ 375 ತಗೋ. ಒದೆತಕ್ಕೆ ಹೆದರಿ ಕಣ್ಣು ಮುಚ್ಚಿದರೆ 416 ಇದ್ದೂ ಪ್ರಯೋಜನ ಇಲ್ಲ. ಆ 128 ಗ್ರೇನ್ ಚೂರು ನನ್ನ ಮೇಜಿನ ಮೇಲೇ ಇದೆ, ತಾಮ್ರದ ಸಿಪ್ಪೆ ಮಗುಚಿಕೊಂಡು. ಬಂದು ಕೈಯಲ್ಲಿ ಹಿಡಿದು ನೋಡು. ಮಾವನೂ ಬರಲಿ.