ಸಹಾಯ ಬೇಕು: ಓವನ್ ಆವಿಯಿಂದ ಟಾಲ್ಯೂಯಿನ್ ವಾಪಸ್ ಹಿಡಿದವರು ಇದ್ದೀರಾ?

ನಮಸ್ಕಾರ. ಕಾರವಾರದ ಶಿರವಾಡದಲ್ಲಿ ನಮ್ಮದು ಸಣ್ಣ ಕೋಟಿಂಗ್ ಘಟಕ. ಒಣಗಿಸುವ ಓವನ್‌ನಿಂದ ಟಾಲ್ಯೂಯಿನ್ (ಕೋಟಿಂಗ್ ತೆಳುಮಾಡುವ ದ್ರಾವಕ) ಆವಿ ಸುಮ್ನೆ ಗಾಳಿಗೆ ಹೋಗುತ್ತಿದೆ. ದುಡ್ಡೂ ಹಾಳು, ಅಕ್ಕಪಕ್ಕದವರಿಗೆ ವಾಸನೆಯೂ ಜಾಸ್ತಿ.

ಮೀನಿನ ಐಸ್ ಪ್ಲಾಂಟಿನ ಹಳೆ ಕಂಪ್ರೆಸರ್ ಜೋಡಿಸಿ ತಣಿಸಿ ನೋಡಿದೆ. 5 ಡಿಗ್ರಿಯಲ್ಲಿ ಸಿಕ್ಕಿದ್ದು ಬರೀ ನೀರು. ಗಾಳಿಯಲ್ಲಿ ಟಾಲ್ಯೂಯಿನ್ ಆವಿ ಶೇ. 1.1 ದಾಟಿದರೆ ಬೆಂಕಿ ಹೊತ್ತಲು ಒಂದು ಕಿಡಿ ಸಾಕು, ಹಾಗಾಗಿ ಅದನ್ನು ಶೇ. 0.3ರ ಒಳಗೇ ಇಡುತ್ತೇವೆ. ಅಷ್ಟು ತೆಳುವಾದ ಆವಿ ಹನಿಯಾಗಬೇಕಾದರೆ ಮೈನಸ್ 15ರ ಕೆಳಗೇ ಹೋಗಬೇಕು ಅಲ್ವಾ? ಆದರೆ ಸೊನ್ನೆಯ ಕೆಳಗೆ ಇಳಿಸಿದರೆ ಸಾಕು, ನಮ್ಮ ಕರಾವಳಿಯ ತೇವವೆಲ್ಲ ಕಾಯಿಲ್ (ತಣಿಸುವ ಕೊಳವೆ) ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಈ ಮಳೆಯಲ್ಲಂತೂ ಅರ್ಧ ಗಂಟೆಗೇ ಅದರ ತೆಳು ತಗಡಿನ ಫಿನ್‌ಗಳ ಸಂದು ಬೆಳ್ಳಗೆ ಮುಚ್ಚಿಹೋಯಿತು.

ಎರಡು ಕಾಯಿಲ್ ಇಟ್ಟು, ಒಂದು ಕರಗುವಾಗ ಇನ್ನೊಂದನ್ನು ಓಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಮೊದಲು ತೇವ ತೆಗೆಯುವುದೇ ಒಳ್ಳೆಯದಾ? ಸ್ಪಾರ್ಕ್ ಬರದ ಮೋಟಾರ್ ಹುಬ್ಬಳ್ಳಿಯಲ್ಲಿ ಸಿಗುತ್ತದಾ?