ಆರ್‌ಪಿಡಿ ಕ್ರಾಸ್ ಹತ್ತಿರ ಹೊಸ ಖಾನಾವಳಿ: ರಾತ್ರಿ ಎಷ್ಟಕ್ಕ ಬಾಗಲಾ ಹಾಕಬೇಕು, ಮಂದಿ ಮನಿ ಮುಟ್ಟೋದು ಹೆಂಗ?

ಪ್ರಶ್ನೆ (ತಿಲಕವಾಡಿ ಖಾನಾವಳಿ)

ಎಲ್ಲಾರಿಗೂ ನಮಸ್ಕಾರ್ರಿ. ಬೆಳಗಾವಿ ಆರ್‌ಪಿಡಿ ಕ್ರಾಸಿನಿಂದ ಹಿಂದವಾಡಿ ಕಡೆ ಹೋಗೋ ರಸ್ತೆದಾಗ 28 ಕುರ್ಚಿಯ ಖಾನಾವಳಿ ಶುರು ಆಗೋದೈತಿ. ಬಿಸಿ ರೊಟ್ಟಿ, ಎರಡು ಪಲ್ಯ, ಝುಣಕ, ಶೇಂಗಾ ಹಿಂಡಿ, ಅನ್ನ, ಸಾರು, ಮಜ್ಜಿಗಿ. ಮಧ್ಯಾಹ್ನ 12ರಿಂದ 3, ಸಂಜಿ 7ರಿಂದ 11 ಅಂತ ಲೆಕ್ಕ ಹಾಕೀವಿ, ಯಾಕಂದ್ರ ಸುತ್ತಲ ಹೊಸ ಹೋಟೆಲ್‌ಗಳು 11ರ ತನಕ ತೆರೆದಿರತಾವ.

ಕೆಲಸಕ್ಕ ಎಂಟು ಮಂದಿ. ರೊಟ್ಟಿ ಬಡಿಯೋ ಹೆಣ್ಮಕ್ಕಳು ಮೂವರು, ಅದರಾಗ ಇಬ್ಬರು ಯಳ್ಳೂರದವರು, ಒಬ್ಬರು ವಡಗಾವಿ. ಅಡಗಿಯವರು ಇಬ್ಬರು, ಬಡಿಸೋರು ಇಬ್ಬರು, ಭಾಂಡೆ ತೊಳಿಯೋರು ಒಬ್ಬರು. ರಾತ್ರಿ ಸುಮಾರು 80 ಊಟದ ಅಂದಾಜು. ಇವರು ಮನಿಗೆ ಹೋಗೋ ವ್ಯವಸ್ಥೆ ಹೆಂಗ ಮಾಡಬೇಕು? ಸ್ವಂತ ಗಾಡಿ ಇಲ್ಲದ ಕಾಲೇಜು ಹುಡುಗರು, ವಯಸ್ಸಾದವರು ಊಟಕ್ಕ ಬಂದ್ರ ಅವರಿಗೆ ಏನು ಅನುಕೂಲ ಮಾಡಬಹುದು?

ಉತ್ತರ 1 (ರೊಟ್ಟಿಬುಟ್ಟಿ)

ಅಣ್ಣಾರ, ಮುಚ್ಚೋ ಟೈಮು ಬೋರ್ಡಿನ ಮ್ಯಾಲ ಬರಸೋಕಿಂತ ಮೊದಲ ಕೆಲಸದವರ ಗಾಡಿ ಎಷ್ಟಕ್ಕ ಬಿಡಬೇಕು ಅನ್ನೋದನ್ನ ಬರಕೋರಿ, ಅಲ್ಲಿಂದ ಹಿಂದಕ್ಕ ಎಣಿಸ್ಕೋತ ಬರ್ರಿ. ಗಾಡಿ 11ಕ್ಕ ಅಂತ ಹಿಡೀರಿ. ಒಲಿ ಒರಸಿ, ಭಾಂಡೆ ತೊಳದು, ಮೋರಿ ಜಾಲಿ ತಗದು ಜಿಡ್ಡು ಎತ್ತಿ, ನೆಲ ತೊಳದು, ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡೋದಕ್ಕ ಮೂರು ಮಂದಿಗೆ 40 ನಿಮಿಷ ಬೇಕಾಗತೈತಿ. ಅಂದ್ರ ಕೊನೀ ಗಿರಾಕಿ 10:20ಕ್ಕ ಎದ್ದಿರಬೇಕು. ಕೂತು ಉಣ್ಣೋರು 30–35 ನಿಮಿಷ ತಗೋತಾರ. ಹಂಗಾದ್ರ ಕೊನೀ ತಾಟು 9:45ಕ್ಕ. ಬೋರ್ಡಿನ ಮ್ಯಾಲ 11 ಅಂತ ಬರದು 10ಕ್ಕ ಬಂದವರನ್ನ ಬಾಗಲದಾಗಿಂದ ತಿರುಗಿಸಿ ಕಳಿಸಿದ್ರ ಅವರು ಮತ್ತ ಬರೂದಿಲ್ಲ. "ಊಟ ರಾತ್ರಿ 9:45ರ ತನಕ" ಅಂತ ನೇರವಾಗಿ ಬರಸ್ರಿ.

ಆದ್ರ ನಿಮಗ ಖರೇ ತೊಡಕು ಬರೋದು ರೊಟ್ಟಿಯಿಂದ. ಸುತ್ತಲಿನವರು ಮೈದಾ, ಅಕ್ಕಿ ಮ್ಯಾಲ ನಡಸತಾರ, ಅವರಿಗೆ 11 ಹಗುರ. ಜೋಳದ ಹಿಟ್ಟಿಗೆ ಗೋಧಿಯಂಥ ಎಳಿ ಇಲ್ಲ. ಕುದಿಯೋ ನೀರು ಹಾಕಿ ನಾದಿದಾಗ ಬರೋ ಜಿಗಟಿನ ಮ್ಯಾಲ ಅಷ್ಟ ಅದು ನಿಲ್ಲತೈತಿ. ನಾದಿದ ಹಿಟ್ಟು ಕಾಲು ತಾಸು ಇಟ್ರ ಸಾಕು, ಬಡಿಯುವಾಗ ಅಂಚು ಸೀಳತೈತಿ. ಫ್ರಿಜ್ಜಿನಾಗ ಇಟ್ಟು ಆಮೇಲೆ ಬಡೀತೀವಿ ಅನ್ನೋದು ಆಗದ ಮಾತು. ಬಡಿಯೋರು ಇದ್ರ ಬಿಸಿ ರೊಟ್ಟಿ, ಅವರು ಎದ್ದು ಹೋದ್ರ ಮುಗೀತು.

ಲೆಕ್ಕ ನೋಡ್ರಿ. 1 ಕಿಲೋ ಹಿಟ್ಟಿಗೆ ಅಂಗೈ ಎರಡು ಅಗಲದ ರೊಟ್ಟಿ 11–12 ಬರತಾವ. 80 ಊಟಕ್ಕ ಎರಡೆರಡರಂತ 160 ರೊಟ್ಟಿ, ಅಂದ್ರ 14 ಕಿಲೋ ಹಿಟ್ಟು. ಕೈ ಪಳಗಿದವರು ಒಂದು ಹಂಚಿನ ಮ್ಯಾಲ ತಾಸಿಗೆ 25–30 ಬಡಿಯಬಹುದು. ಮೂರು ಹಂಚಿಗೆ ಎರಡು ತಾಸಿನ ಕೆಲಸ. 7ಕ್ಕ ಅಂಗಡಿ ತೆಗೆದ್ರ ಇದು 9 ದಾಟತೈತಿ, ಯಳ್ಳೂರದವರಿಗೆ ಹೊತ್ತಾಗತೈತಿ. ಅದಕ್ಕ ಸಂಜಿ 6:30ಕ್ಕ ತೆಗೀರಿ, 5:45ಕ್ಕ ಹಂಚು ಇಡಸ್ರಿ, "ಬಿಸಿ ರೊಟ್ಟಿ 6:30ರಿಂದ 8:15" ಅಂತ ಬ್ಯಾರೆ ಬೋರ್ಡು ಹಾಕ್ರಿ. ಆಮೇಲೆ ಬಂದವರಿಗೆ ಖಡಕ್ ರೊಟ್ಟಿ ಇಲ್ಲಾ ಚಪಾತಿ. ಆಗ ಬಿಸಿ ರೊಟ್ಟಿ 160 ಬೇಕಾಗೂದಿಲ್ಲ, 100 ಸಾಕು.

ಸ್ಟೀಲ್ ಹಾಟ್‌ಬಾಕ್ಸಿನಾಗ ರೊಟ್ಟಿ ಒಟ್ಟಬ್ಯಾಡ್ರಿ. ಬಿಸಿ ಉಗಿ ಮುಚ್ಚಳಕ್ಕ ತಾಗಿ ನೀರಾಗಿ ಇಳೀತೈತಿ, ಮ್ಯಾಲಿನೆರಡು ಕೆಳಗಿನೆರಡು ರೊಟ್ಟಿ ತೊಯ್ದು ಹಿಟ್ಟಿನ ವಾಸನಿ ಬರತೈತಿ. ಬಿದಿರ ಬುಟ್ಟಿ, ಎರಡು ಪದರ ಹತ್ತಿ ಬಟ್ಟಿ, ಬುಟ್ಟಿಗೆ 10–12ಕ್ಕಿಂತ ಹೆಚ್ಚಿಲ್ಲ. ಹಿಂಗ ಇಟ್ರ 30–40 ನಿಮಿಷ ಮೆತ್ತಗ ಇರತಾವ.

ಖಡಕ್ ರೊಟ್ಟಿ ಮಧ್ಯಾಹ್ನ 3ರಿಂದ 5ರೊಳಗ ಆಗಲಿ. ತೆಳ್ಳಗ ಬಡದು, ಹಂಚಿನಿಂದ ತಗದ ಮ್ಯಾಲ ಒಲಿ ಸುತ್ತ ನೆಟ್ಟಗ ನಿಲ್ಲಿಸಿ ಆರಸಬೇಕು. ಮುರದ್ರ ಚಟ್ ಅಂತ ಸಪ್ಪಳ ಬರಬೇಕು, ಬಾಗಿದ್ರ ಇನ್ನೂ ಹಸಿ ಐತಿ ಅಂತ ಅರ್ಥ. ಬೆಳಗಾವಿ ಮಳಿಗಾಲದಾಗ ಬುಟ್ಟಿ ಸಾಲೂದಿಲ್ಲ, ಬಿಗಿ ಮುಚ್ಚಳದ ಡಬ್ಬಿ ಬೇಕು. ಹಿಟ್ಟು ಬೀಸಿಸಿ ವಾರದೊಳಗ ಖಾಲಿ ಮಾಡ್ರಿ. ಹಳೇದಾದಂಗ ಜಿಗಿ ಹೋಗಿ ರೊಟ್ಟಿ ಹರೀತೈತಿ, ಬಡಿಯೋರ ಮ್ಯಾಲ ತಪ್ಪು ಹೊರಸ್ತೀರಿ. ಹಿಂಗಾರಿ ಮಾಲ್‌ದಂಡಿ ಜೋಳ ಸಿಕ್ರ ಅದನ್ನ ತಗೋರಿ.

ಉತ್ತರ 2 (ಗೋವಾವೇಸ್ ರಿಕ್ಷಾ)

ಬಸ್ಸಿನ ಮಾತು ಹೇಳ್ತೀನ್ರಿ. "ಕೊನೀ ಬಸ್ ಎಷ್ಟಕ್ಕ" ಅಂತ ಒಂದು ಟೈಮು ಕೇಳಿಕೊಂಡು ಬಂದು ಗ್ವಾಡಿಗೆ ಹಚ್ಚಿದ್ರ ಮೋಸ ಹೋಗ್ತೀರಿ. ಎರಡು ಟೈಮು ಬೇಕು. ಊರಿಗೆ ಹೋಗೋ ಕೊನೀ ಗಾಡಿ ಬಹಳ ಸಲ ವಸ್ತಿ ಬಸ್ ಇರತೈತಿ. ಅದು ಹಳ್ಳ್ಯಾಗ ರಾತ್ರಿ ನಿಂತು ಮುಂಜಾನೆ ವಾಪಸ್ ಬರತೈತಿ. ಹಂಗಾಗಿ ಹಳ್ಳಿಯಿಂದ ಬೆಳಗಾವಿ ಕಡೆ ಬರೋ ಕೊನೀ ಬಸ್ಸು ಅದಕ್ಕಿಂತ ಒಂದು ಟ್ರಿಪ್ ಹಿಂದಿಂದು. ಮಚ್ಛೆ ಕಡೆಯಿಂದ ಊಟಕ್ಕ ಬಂದ ಹುಡುಗರಿಗೆ ವಸ್ತಿ ಬಸ್ಸಿನ ಟೈಮು ಬೇಕು. ನಿಮ್ಮ ಬಡಿಸೋರು ಪೇಟಿ ಕಡೆಯವರಾದ್ರ ಇನ್ನೊಂದು ಟೈಮು ಬೇಕು.

ಸಿಟಿ ಬಸ್ ನಿಲ್ದಾಣದಾಗ ಸಂಚಾರ ನಿಯಂತ್ರಕರು ಕೂತಿರತಾರ, ಅವರ ಹತ್ರ ಮಾರ್ಗದ ಪ್ರಕಾರ ಬರಕೊಂಡು ಬರ್ರಿ. ಅವರು ಹೇಳೋದು ನಿಲ್ದಾಣ ಬಿಡೋ ಟೈಮು. ಆರ್‌ಪಿಡಿ ಕ್ರಾಸ್ ಅಲ್ಲಿಂದ ನಾಲ್ಕೈದು ಕಿಲೋಮೀಟರ್, 15–20 ನಿಮಿಷ ಕೂಡಸ್ರಿ. ಆದ್ರ ಕೆಲಸದವರು 5 ನಿಮಿಷ ಮುಂಚೆ ಸ್ಟಾಪಿನಾಗ ಇರಬೇಕು, ರಾತ್ರಿ ರಸ್ತೆ ಖಾಲಿ ಇದ್ರ ಬಸ್ಸು ಜಲ್ದಿ ದಾಟತೈತಿ. ಕ್ರಾಸಿನಾಗ ಖಾನಾಪುರ ರಸ್ತೆ ದಾಟಿ ಆಚೆ ನಿಲ್ಲಬೇಕೋ ಈಚೆ ನಿಲ್ಲಬೇಕೋ ಅನ್ನೋದನ್ನೂ ಬರೀರಿ. ಹೊಸಬರು ತಪ್ಪು ಬಾಜೂಕ ನಿಂತು ಬಸ್ಸು ತಪ್ಪಿಸಿಕೋತಾರ.

ಇನ್ನೊಂದು ಮುಖ್ಯ ಮಾತು. ಖಾನಾಪುರ ರಸ್ತೆ ಹಿಡಿದು ಹೋಗೋವು ಉದ್ಯಮಬಾಗ, ಪೀರನವಾಡಿ, ಮಚ್ಛೆ ದಾರಿಯವು. ಯಳ್ಳೂರದ ದಾರಿ ವಡಗಾವಿ ಮ್ಯಾಲೆ. ಅಂದ್ರ ನಿಮ್ಮ ಇಬ್ಬರಿಗೆ ಕ್ರಾಸಿನಿಂದ ನೇರ ಬಸ್ ಹಿಡಿಯೋದು ಕಷ್ಟ, ಮೊದಲ ವಡಗಾವಿ ಕಡೆ ಮುಟ್ಟಬೇಕು. ಆ ತುಂಡಿನ ದಾರಿಗೆ ದಿನಾ ಒಂದು ರಿಕ್ಷಾ ಗೊತ್ತು ಮಾಡ್ರಿ. ಮುಂದ ಯಾರನ್ನಾದ್ರೂ ಹೊಸದಾಗಿ ತಗೊಂಡ್ರ ಅನಗೋಳ ಇಲ್ಲಾ ಪೀರನವಾಡಿಯವರನ್ನ ನೋಡ್ರಿ. ಬಸ್ಸಿನಾಗ ಹೆಣ್ಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಐತಿ, ಗುರುತಿನ ಚೀಟಿ ಕೈಯಾಗ ಇರಲಿ. ಚಂದಗಡ ಕಡೆ ಗಡಿ ದಾಟಿ ಹೋಗೋ ಬಸ್ಸಿಗೆ ಅದು ನಡಿಯೂದಿಲ್ಲ.

ರಾತ್ರಿ ರಿಕ್ಷಾ ತಿಂಗಳ ಲೆಕ್ಕಕ್ಕ ಮಾತಾಡ್ರಿ. ಉದಾಹರಣೆಗೆ ಟ್ರಿಪ್ಪಿಗೆ 150 ರೂಪಾಯಿ ಅಂತ ಹಿಡದ್ರ 26 ದಿನಕ್ಕ 3,900. ಎರಡು ರಿಕ್ಷಾ ಆದ್ರ 7,800. ಒಂದು ಊಟಕ್ಕ ಎಲ್ಲಾ ಖರ್ಚು ಕಳದು 30 ರೂಪಾಯಿ ಉಳೀತೈತಿ ಅಂದ್ರ 260 ಊಟ ಬೇಕು, ಅಂದ್ರ ದಿನಾ 10. ಒಂಬತ್ತು ಹೊಡದ ಮ್ಯಾಲ ಹತ್ತು ತಾಟು ಹೋಗದಿದ್ರ ಆ ಹೊತ್ತಿನ ತನಕ ತೆರೆದಿಡೋದು ಲುಕ್ಸಾನು. ಒಂದು ರಿಕ್ಷಾಕ್ಕ ಮೂರ ಮಂದಿ. ಡ್ರೈವರ್ ಬಾಜೂಕ ನಾಲ್ಕನೇದವರನ್ನ ಕೂಡಿಸಬ್ಯಾಡ್ರಿ. ಇಳಿಸೋ ಸಾಲು ಮೊದಲ ಬರದು ಕೊಡ್ರಿ: ದಾರಿ ಸುತ್ತಾದ್ರೂ ಅಡ್ಡಿಯಿಲ್ಲ, ಒಬ್ಬ ಹೆಣ್ಮಗಳು ಕೊನಿಗೆ ಗಾಡ್ಯಾಗ ಒಬ್ಬಾಕಿನ ಉಳಿಯಬಾರದು.

ಗಿರಾಕಿಗೆ ಬಿಲ್ಲು ಕೊಡುವಾಗ ಗಾಡಿ ಕೇಳಬ್ಯಾಡ್ರಿ, ತಾಟು ಇಡುವಾಗ "ಹೋಗಾಕ ಗಾಡಿ ಐತೇನ್ರಿ?" ಅಂತ ಕೇಳ್ರಿ. ಮಜ್ಜಿಗಿ ಬಡಿಸೋ ಹೊತ್ತಿಗೆ ಫೋನ್ ಮಾಡಿದ್ರ ಕೈ ತೊಳಿಯೋದ್ರಾಗ ರಿಕ್ಷಾ ಬಾಗಲಕ್ಕ ಇರತೈತಿ. 10:30ರ ಸುಮಾರಿಗೆ ಮಾತ್ರ ತ್ರಾಸು. 2025ರ ಆಗಸ್ಟ್‌ನಿಂದ ಬೆಂಗಳೂರು ವಂದೇ ಭಾರತ್ ರಾತ್ರಿ 10:40ರ ಆಸುಪಾಸು ಬೆಳಗಾವಿಗೆ ಮುಟ್ಟತೈತಿ, ದೂರದ ಬಾಡಿಗಿ ಸಿಗತೈತಿ ಅಂತ ರಿಕ್ಷಾದವರು ಸ್ಟೇಷನ್ನಿನಾಗ ಕೂಡತಾರ. ಮಳಿ ಇದ್ರ ಇನ್ನೂ ಕಮ್ಮಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೊನೀ ತಾಟು 9:30ಕ್ಕ ಇಳಸ್ರಿ. ಗಣಪತಿ ಮುಳುಗಿಸೋ ದಿನ ಮತ್ತ ನವೆಂಬರ್ 1ರ ರಾಜ್ಯೋತ್ಸವದ ಮೆರವಣಿಗಿ ದಿನ ಪೇಟಿ ದಾರಿ ಬಂದ್ ಇರತಾವ, ಆ ಎರಡು ರಾತ್ರಿ ಬಡಿಸೋರನ್ನ ನಡಕೋತ ಹೋಗೋ ದೂರದಾಗ ಇದ್ದವರಷ್ಟ ಇಟಗೋರಿ.

ಉತ್ತರ 3 (ಕಾರ್ಮಿಕ ಲೆಕ್ಕ)

ಕಾನೂನಿನ ಎರಡು ಅಂಶ ಮಾತ್ರ ಸೇರಿಸುತ್ತೇನೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ರಾತ್ರಿ 8ರಿಂದ ಬೆಳಿಗ್ಗೆ 6ರ ನಡುವೆ ಮಹಿಳೆಯರಿಂದ ಕೆಲಸ ಮಾಡಿಸಬೇಕಾದರೆ ಅವರ ಲಿಖಿತ ಒಪ್ಪಿಗೆ, ಮನೆತನಕ ಸುರಕ್ಷಿತ ಸಾರಿಗೆ ಮುಂತಾದ ಷರತ್ತುಗಳಿವೆ. ಬಾಯಿಮಾತಿನ ಒಪ್ಪಿಗೆ ಸಾಲದು. ವಡಗಾವಿಯವರೊಬ್ಬರನ್ನು 9ರವರೆಗೆ ಇಟ್ಟುಕೊಳ್ಳುವ ಆಲೋಚನೆಯಿದ್ದರೆ ಕಾಗದ ಮೊದಲು, ಪಾಳಿ ಆಮೇಲೆ.

ಎರಡನೆಯದು, ಹೊಸ ಖಾನಾವಳಿಗಳು ಸಾಮಾನ್ಯವಾಗಿ ಎಡವುವ ಜಾಗ. ಕೆಲಸ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು ಎಂಬುದು ಎಲ್ಲರಿಗೂ ಗೊತ್ತು. ಆದರೆ ನಡುವಿನ ವಿಶ್ರಾಂತಿ ಸೇರಿ ಒಟ್ಟು ಹರವು 12 ಗಂಟೆ ಮೀರಬಾರದು ಎಂಬುದನ್ನು ಮರೆಯುತ್ತಾರೆ. ಮಧ್ಯಾಹ್ನದ ಊಟಕ್ಕೆ ಬೆಳಿಗ್ಗೆ 9:30ಕ್ಕೆ ಬಂದ ಅಡುಗೆಯವರು, ನಡುವೆ ಮೂರು ಗಂಟೆ ಬಿಡುವಿದ್ದರೂ, ರಾತ್ರಿ 9:30ಕ್ಕೆ ಹೊರಡಬೇಕು. ನಿಮ್ಮಲ್ಲಿ ಇಬ್ಬರಿದ್ದಾರೆ: ಒಬ್ಬರು 9:30ರಿಂದ, ಇನ್ನೊಬ್ಬರು 11:30ರಿಂದ ಬರಲಿ. 11ರ ಗಾಡಿಗೆ ಎರಡನೆಯವರು ಮಾತ್ರ ಉಳಿಯುತ್ತಾರೆ, ಬಾಡಿಗೆಯೂ ಕಡಿಮೆಯಾಗುತ್ತದೆ.

ಪ್ರಶ್ನೆ ಕೇಳಿದವರು

ಬಹಳ ಉಪಕಾರ ಆತ್ರಿ ಎಲ್ಲಾರದೂ. ಹಂಗಾದ್ರ ರೊಟ್ಟಿಯವರು ಮೂವರೂ 7:45ಕ್ಕ ಹೊರಡಲಿ, 11ರ ಗಾಡಿಗೆ ನಾಲ್ಕು ಮಂದಿ ಉಳೀತಾರ. ರೊಟ್ಟಿಬುಟ್ಟಿಯವರ, 8:15 ಆದ ಮ್ಯಾಲ ಚಪಾತಿ ಯಾರು ಮಾಡಬೇಕು? ಬಡಿಸೋರ ಕೈಲಿ ಆಗತೈತೇನು?

ಉತ್ತರ 1 (ರೊಟ್ಟಿಬುಟ್ಟಿ)

ಬಡಿಸೋರಿಗೆ ಹಚ್ಚಬ್ಯಾಡ್ರಿ, ಹಿಟ್ಟಿನ ಕೈ ತಾಟಿಗೆ ಬರತೈತಿ. ಎರಡನೇ ಅಡಗಿಯವರು ಮಾಡಲಿ, ಆ ಹೊತ್ತಿಗೆ ಪಲ್ಯದ ಕೆಲಸ ಮುಗದಿರತೈತಿ. ಗೋಧಿ ಹಿಟ್ಟು 7:30ಕ್ಕ ನಾದಿ ಎಣ್ಣಿ ಸವರಿ ಹಸಿ ಬಟ್ಟಿ ಮುಚ್ಚಿದ್ರ 9:45ರ ತನಕ ಏನೂ ಆಗೂದಿಲ್ಲ. 1 ಕಿಲೋಕ್ಕ 22–24 ಚಪಾತಿ. ಮೊದಲ ವಾರ 2 ಕಿಲೋ ಸಾಕು. ಉಂಡಿ ಮೊದಲ ಕಟ್ಟಿ ಇಡ್ರಿ, ಲಟ್ಟಿಸೋದು ತಾಟು ಕೇಳಿದ ಮ್ಯಾಲ. 9:15ಕ್ಕ ಒಮ್ಮೆ ಅನ್ನದ ಪಾತೇಲಿ ತಗದು ನೋಡ್ರಿ. ಕಮ್ಮಿ ಇದ್ರ ಹೊಸಾ ಅನ್ನ ಇಡೋದಕ್ಕ ಅದ ಕೊನೀ ಹೊತ್ತು. 9:30ಕ್ಕ ಇಟ್ರ ಅರ್ಧಾ ಪಾತೇಲಿ ಉಳೀತೈತಿ, ಬೆಚ್ಚಗಿನ ಅನ್ನ ರಾತ್ರಿಯೆಲ್ಲಾ ಹೊರಗ ಇದ್ರ ಕೆಡತೈತಿ, ಮರುದಿನ ಒಗ್ಗರಣಿ ಹಾಕಿದ್ರೂ ಅದರಾಗಿನ ವಿಷ ಹೋಗೂದಿಲ್ಲ. ಉಳದದ್ದನ್ನ ಅಗಲ ತಾಟಿನಾಗ ಹರವಿ ಆರಿಸಿ ಗಾಡಿ ಹತ್ತೋಕಿಂತ ಮೊದಲ ಫ್ರಿಜ್ಜಿಗೆ ಇಡಸ್ರಿ.