ಸಹಾಯ ಬೇಕು: ಶಿವಮೊಗ್ಗ-ಸಾಗರ ಕಡೆ ನಂಬಿಕಸ್ಥ ವಿಮಾ ಬ್ರೋಕರ್ ಯಾರಾದ್ರೂ ಗೊತ್ತಾ?

ಎಲ್ರಿಗೂ ನಮಸ್ಕಾರ. ನಾವು ರಿಪ್ಪನ್‌ಪೇಟೆ ಹತ್ರದವರು. ಅಪ್ಪ-ಅಮ್ಮನ ಆರೋಗ್ಯ ವಿಮೆ ಸದ್ಯದಲ್ಲೇ ರಿನ್ಯೂವಲ್‌ಗೆ ಬರುತ್ತೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿದ್ದ 18% ಜಿಎಸ್‌ಟಿ ತೆಗೆದ್ರು ಅಂತ ಖುಷಿಪಟ್ರೆ, ನಮ್ಮ ಕಂಪನಿ ಮೂಲ ಪ್ರೀಮಿಯಂನೇ ಏರಿಸಿ ಕೂತಿದೆ. ಯಾಕೆ ಅಂತ ಕೇಳೋಕೆ ಫೋನ್ ಮಾಡಿದ್ರೆ 'ಒಂದನ್ನು ಒತ್ತಿ, ಎರಡನ್ನು ಒತ್ತಿ'. ಈ ಮಳೇಲಿ ನಮ್ಮಲ್ಲಿ ಅಷ್ಟೊತ್ತು ನೆಟ್‌ವರ್ಕ್ ನಿಲ್ಲೋದೇ ದೊಡ್ಡದು!

ಮೊದಲಿದ್ದ ಏಜೆಂಟ್ ಮನೆಗೇ ಬರ್ತಿದ್ರು. ಕವಳ ಹಾಕ್ಕೊಂಡು ಜಗುಲೀಲಿ ಕೂತು ಕ್ಲೇಮ್ ಫಾರಂ ತುಂಬಿಸೋರು, ಮಣಿಪಾಲದಲ್ಲಿ ಅಡ್ಮಿಟ್ ಆದಾಗ ಕ್ಯಾಶ್‌ಲೆಸ್‌ಗೆ ಅವರೇ ಓಡಾಡಿದ್ರು. ಈಗ ವಯಸ್ಸಾಯ್ತು ಅಂತ ಕೆಲಸ ಬಿಟ್ಟಿದಾರೆ.

ಬ್ಯಾಂಕಿನವರು ಹೇಳೋ ಪಾಲಿಸಿ ಬೇಡ. ಏಜೆಂಟ್ ಆದ್ರೆ ತಮ್ಮ ಕಂಪನಿಯದ್ದೇ ಹೇಳ್ತಾರೆ. ಹಲವು ಕಂಪನಿಗಳದ್ದು ಹೋಲಿಸಿ ತೋರಿಸೋ, ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) ಲೈಸೆನ್ಸ್ ಇರೋ ಬ್ರೋಕರ್ ಬೇಕು. ಅಪ್ಪನಿಗೆ ಶುಗರ್ ಇದೆ. ಪೋರ್ಟ್ ಮಾಡಿದ್ರೆ, ಅಂದ್ರೆ ಪಾಲಿಸಿನ ಬೇರೆ ಕಂಪನಿಗೆ ಬದಲಾಯಿಸಿದ್ರೆ, ಇಷ್ಟು ವರ್ಷ ಕಳೆದ ವೇಟಿಂಗ್ ಪಿರಿಯಡ್ (ಮೊದಲೇ ಇರೋ ಕಾಯಿಲೆಗೆ ಕ್ಲೇಮ್ ಸಿಗೋಕೆ ಕಾಯಬೇಕಾದ ಅವಧಿ) ಲೆಕ್ಕಕ್ಕೆ ಬರುತ್ತೆ ಸರಿ, ಆದ್ರೆ ಹೊಸ ಕಂಪನಿ ಅರ್ಜಿನೇ ತಿರಸ್ಕರಿಸಬಹುದಲ್ಲ? ಶುಗರ್ ಇದ್ದೂ ಪೋರ್ಟ್ ಮಾಡಿಸಿದವರು ಇದ್ರೆ ಹೇಗಾಯ್ತು ಹೇಳಿ. ಕ್ಲೇಮ್ ಸಮಯದಲ್ಲಿ ನಿಜವಾಗ್ಲೂ ಫೋನ್ ಎತ್ತಿದವರ ನಂಬರ್ ಮಾತ್ರ ಇನ್‌ಬಾಕ್ಸ್‌ಗೆ ಕಳಿಸಿ.